ಈಟನ್‌ವಿಲ್‌ನ ಜೋರಾ

ಅಮೆರಿಕ ಸಂಯುಕ್ತ ಸಂಸ್ಥಾನಗಳ ದಕ್ಷಿಣದಲ್ಲಿ, ಸಮುದ್ರದೊಳಕ್ಕೆ ಚಾಚಿಕೊಂಡಿರುವ ನಾಡು ಫ್ಲಾರಿಡಾ. ಅಲ್ಲಿಯ ಕಿತ್ತಳೆ ತೋಟಗಳ ಹಾಗೂ ಸರೋವರಗಳ ನಡುವೆ ಈಟನ್‌ವಿಲ್ ಎಂಬ ಪುಟ್ಟ ಊರೊಂದಿದೆ. ಅಮೆರಿಕದಲ್ಲಿ ಗುಲಾಮಗಿರಿ ರದ್ದಾದುದು 1865ರಲ್ಲಿ. ಅದಾಗಿ ಇಪ್ಪತ್ತೆರಡು ವರ್ಷಗಳ ತರುವಾಯ, 1887ರಲ್ಲಿ, ಈ ಊರು ವಿಧಿವತ್ತಾಗಿ ಸ್ಥಾಪಿತವಾಯಿತು. ಇದನ್ನು ಕಟ್ಟಿದವರು ಕಪ್ಪು ಜನರು, ಆಳಿದವರೂ ಅವರೇ. ಊರಿನ ಮೇಯರ್, ಅಂಗಡಿಯ ಯಜಮಾನ, ಶಾಲೆಯ ಉಪಾಧ್ಯಾಯ, ಚರ್ಚಿನ ಬೋಧಕ, ಎಲ್ಲರೂ ಕಪ್ಪು ಜನರೇ. ಸುತ್ತಲ ಸೀಮೆಯಲ್ಲಿ ಬಿಳಿಯರೆದುರು ತಲೆ ತಗ್ಗಿಸಿ ನಡೆಯಬೇಕಾಗಿದ್ದ ಕಾಲದಲ್ಲಿ ಈ ಊರಿನೊಳಗೆ ಮಾತ್ರ ಅವರು ತಲೆಯೆತ್ತಿ ನಡೆಯುತ್ತಿದ್ದರು.

ಜೋರಾ ನೀಲ್ ಹರ್ಸ್ಟನ್ ಬೆಳೆದದ್ದು ಈ ಊರಿನಲ್ಲಿ. ಆಕೆ ಹುಟ್ಟಿದ್ದು ಮಾತ್ರ ಅಲಬಾಮ ಸಂಸ್ಥಾನದ ನೊಟಸಲ್ಗ ಎಂಬಲ್ಲಿ, 1891ರ ಜನವರಿ 7ರಂದು. ಕೂಸಾಗಿದ್ದಾಗಲೇ ತಂದೆತಾಯಿಯರೊಡನೆ ಈಟನ್‌ವಿಲ್‌ಗೆ ಬಂದವಳಾದ್ದರಿಂದ ಅದನ್ನೇ ತನ್ನ ಹುಟ್ಟೂರೆಂದು ಜೀವನವಿಡೀ ಹೇಳಿಕೊಂಡಳು. ಎಂಟು ಮಂದಿ ಮಕ್ಕಳಲ್ಲಿ ಆಕೆ ಐದನೆಯವಳು.

ತಂದೆ ಜಾನ್ ಹರ್ಸ್ಟನ್ ಆಜಾನುಬಾಹು. ಬಡಗಿಯ ಕಸಬು, ಬೋಧಕನ ವೃತ್ತಿ ಎರಡನ್ನೂ ಬಲ್ಲವನು. ಮುಂದೆ ಊರಿನ ಮೇಯರ್ ಕೂಡ ಆದನು. ತಾಯಿ ಲೂಸಿ ಮದುವೆಗೆ ಮುಂಚೆ ಉಪಾಧ್ಯಾಯಿನಿಯಾಗಿದ್ದವಳು. ಲೂಸಿಯ ತವರಿನವರಿಗೆ ಸ್ವಂತ ನೆಲವಿತ್ತು. ಜಾನ್‌ಗೆ ತನ್ನದೆಂಬ ಅಂಗೈಯಗಲದ ಭೂಮಿಯೂ ಇರಲಿಲ್ಲ. ಹೀಗಾಗಿ ತವರಿನವರು ಈ ಸಂಬಂಧವನ್ನು ಒಪ್ಪಲಿಲ್ಲ. ಲೂಸಿ ಅವರ ಮಾತನ್ನು ಮೀರಿ ಅವನ ಕೈ ಹಿಡಿದಳು. ಒಲಿದವನಿಗಾಗಿ ಬಂಧುಗಳನ್ನು ಎದುರಿಸಿದ ಆ ತಾಯಿಯ ಎದೆಗಾರಿಕೆಯಲ್ಲಿ ಒಂದಷ್ಟು ಪಾಲು ಮಗಳಿಗೂ ಬಂದಿರಬೇಕು.

ಜೋರಾಳ ಮನೆಯ ಮುಂದಿನ ದಾರಿ ಪಕ್ಕದ ಪಟ್ಟಣಗಳಿಗೆ ಹೋಗುವ ದಾರಿ. ಹುಡುಗಿ ಗೇಟಿನ ಕಂಬವನ್ನೇರಿ ಕುಳಿತು, ಹೋಗಿಬರುವ ಗಾಡಿಗಳನ್ನು ನಿಲ್ಲಿಸಿ, ತನ್ನನ್ನೂ ಒಂದಿಷ್ಟು ದೂರ ಕರೆದೊಯ್ಯುವಂತೆ ಬಿಳಿಯ ಪ್ರಯಾಣಿಕರನ್ನು ಕೇಳುತ್ತಿದ್ದಳು. ಅವರು ನಗುತ್ತ ಹತ್ತಿಸಿಕೊಂಡರೆ ಅರ್ಧ ಮೈಲಿ ಹೋಗಿ ನಡೆದು ಬರುತ್ತಿದ್ದಳು. ಇದನ್ನು ಕಂಡರೆ ಅಜ್ಜಿಗೆ ಎದೆ ನಡುಗುತ್ತಿತ್ತು. ತಾಯಿಯ ತಾಯಿಯಾದ ಆಕೆ ಗುಲಾಮಗಿರಿಯ ಕಾಲವನ್ನು ಕಂಡುಂಡವಳು. ಬಿಳಿಯರ ಮುಖವನ್ನು ನೇರವಾಗಿ ನೋಡಿ ಮಾತಾಡುವ ಹುಡುಗಿಗೆ ಒಂದಲ್ಲ ಒಂದು ದಿನ ಕೇಡು ತಪ್ಪದೆಂದು ಆಕೆ ಗದರಿಸುವಳು. ತಂದೆಗೂ ಇದೇ ಭಯ. ತಗ್ಗಿ ನಡೆಯುವುದನ್ನು ಕಲಿಯದಿದ್ದರೆ ಈ ಮಗಳು ಉಳಿಯಲಾರಳೆಂದು ಅವನು ಬಗೆದಿದ್ದನು. ತಾಯಿಯೊಬ್ಬಳೇ ಬೇರೆ ಬಗೆ. ಮಕ್ಕಳು ಸೂರ್ಯನಿಗೇ ಕೈಚಾಚಲಿ, ಸೂರ್ಯ ಸಿಕ್ಕದಿದ್ದರೂ ನೆಲವನ್ನಾದರೂ ಬಿಟ್ಟು ಮೇಲೇಳುತ್ತಾರೆ ಎಂಬುದು ಅವಳ ನಂಬಿಕೆ. ಅಜ್ಜಿಯ ಗದರಿಕೆಯಲ್ಲಿ ಪ್ರೀತಿಯಿರಲಿಲ್ಲವೆಂದು ಹೇಳುವಂತಿಲ್ಲ. ಚಾವಟಿಯ ಏಟನ್ನು ಬಲ್ಲವರ ಪ್ರೀತಿ ಎಷ್ಟೋ ಸಲ ಭಯದ ರೂಪದಲ್ಲಿಯೇ ಕಾಣಿಸಿಕೊಳ್ಳುತ್ತದೆ.

ಊರಿನ ನಡುವೆ ಜೋ ಕ್ಲಾರ್ಕ್ ಎಂಬವನ ಅಂಗಡಿಯಿತ್ತು. ಸಂಜೆಯಾದೊಡನೆ ಅದರ ಜಗಲಿಯ ಮೇಲೆ ಗಂಡಸರು ಸೇರುತ್ತಿದ್ದರು. ಅಲ್ಲಿ ನಡೆಯುತ್ತಿದ್ದುದು ಕಥೆಗಳ ಸುಗ್ಗಿ. ಮೊಲ ನರಿಯನ್ನು ಮೋಸಗೊಳಿಸಿದ ಕಥೆ, ದೇವರಿಗೂ ಸೈತಾನನಿಗೂ ನಡೆದ ವಾದ, ಜಾಣ ಗುಲಾಮ ತನ್ನ ಒಡೆಯನನ್ನು ಸೋಲಿಸಿದ ಕಥೆ, ಹೀಗೆ ಒಬ್ಬನದನ್ನು ಮೀರಿಸುವಂತೆ ಇನ್ನೊಬ್ಬನು ಹೇಳುವನು. ಸಕ್ಕರೆ ತರಲೆಂದೋ ಕಾಫಿಪುಡಿ ತರಲೆಂದೋ ಬಂದ ಜೋರಾ ಕಾಲೆಳೆಯುತ್ತ ನಿಂತು ಕಿವಿಗೊಡುತ್ತಿದ್ದಳು. ಮನೆಯಿಂದ ಕರೆ ಬರುವವರೆಗೂ ಅಲ್ಲಿಂದ ಕದಲುತ್ತಿರಲಿಲ್ಲ. ಮುಂದೆ ದೊಡ್ಡ ದೊಡ್ಡ ವಿದ್ಯಾಲಯಗಳಲ್ಲಿ ಓದಿದರೂ ಆಕೆಯ ಮೊದಲ ಪಾಠಶಾಲೆ ಈ ಜಗಲಿಯೇ.

ಆಕೆಗೆ ಹದಿಮೂರು ವರ್ಷವಾಗಿದ್ದಾಗ, 1904ರ ಸೆಪ್ಟೆಂಬರಿನಲ್ಲಿ, ತಾಯಿ ಹಾಸಿಗೆ ಹಿಡಿದಳು. ಸಾಯುವವರ ತಲೆಯ ಕೆಳಗಿನ ದಿಂಬನ್ನು ತೆಗೆಯುವುದು, ಕೋಣೆಯ ಗಡಿಯಾರಕ್ಕೂ ಕನ್ನಡಿಗೂ ಬಟ್ಟೆ ಮುಚ್ಚುವುದು ಆ ಸೀಮೆಯ ಸಂಪ್ರದಾಯವಾಗಿತ್ತು. ಲೂಸಿಗೆ ಅದು ಬೇಡವಾಗಿತ್ತು. ಹಾಗೆ ಮಾಡಲು ಯಾರಿಗೂ ಬಿಡಬೇಡವೆಂದು ಆಕೆ ಜೋರಾಳನ್ನು ಹತ್ತಿರ ಕರೆದು ಕೇಳಿಕೊಂಡಳು. ಹುಡುಗಿ ಮಾತು ಕೊಟ್ಟಳು. ಸಂಜೆ ಊರಿನ ಹೆಂಗಸರು ಬಂದು ಸೇರಿದರು. ದಿಂಬಿಗೆ ಕೈ ಹಾಕಿದರು. ಮಾತು ನಿಂತುಹೋಗಿದ್ದ ತಾಯಿ ಮಗಳತ್ತ ನೋಡಿದಳು. ಜೋರಾ ಕೂಗಿಕೊಂಡು ಮುನ್ನುಗ್ಗಿದಳು. ಆದರೆ ತಂದೆ ಅವಳನ್ನು ಬಲವಾಗಿ ಹಿಡಿದುಕೊಂಡನು. ದಿಂಬು ಹೋಯಿತು, ಗಡಿಯಾರ ಮುಚ್ಚಿತು, ತಾಯಿ ತೀರಿಕೊಂಡಳು. ಊರೇ ನಂಬಿದ ರೂಢಿಯನ್ನು ಹದಿಮೂರರ ಹುಡುಗಿ ತಡೆಯುವುದೆಂತು? ಆದರೂ ಆ ಸೋಲನ್ನು ಆಕೆ ತನ್ನದೆಂದೇ ಎಣಿಸಿದಳು. ಐವತ್ತರ ಪ್ರಾಯದಲ್ಲಿ ಆತ್ಮಕಥೆ ಬರೆಯುವಾಗಲೂ ಆ ನೋವು ಹಸಿಯಾಗಿಯೇ ಇತ್ತು.

ತಂದೆ ಬಹು ಬೇಗ ಮತ್ತೊಂದು ಮದುವೆಯಾದನು. ಮನೆ ಒಡೆಯಿತು. ಜಾಕ್ಸನ್‌ವಿಲ್‌ನ ಶಾಲೆಯಲ್ಲಿದ್ದ ಜೋರಾಳಿಗೆ ತಂದೆ ಹಣ ಕಳಿಸುವುದನ್ನು ನಿಲ್ಲಿಸಿದನು. ಅಲ್ಲಿಂದ ಮುಂದಕ್ಕೆ ಹತ್ತು ವರ್ಷಗಳಿಗೂ ಮಿಕ್ಕಿ ಆಕೆಯದು ಅಲೆದಾಟದ ಬಾಳು. ಒಮ್ಮೆ ಅಣ್ಣನ ಮನೆಯಲ್ಲಿ, ಒಮ್ಮೆ ಬಿಳಿಯರ ಮನೆಗಳಲ್ಲಿ ಮನೆಗೆಲಸ. ಕೆಲಕಾಲ ಸಂಚಾರಿ ಸಂಗೀತ ನಾಟಕ ಮಂಡಲಿಯೊಂದರಲ್ಲಿ ಹಾಡುಗಾರ್ತಿಯೊಬ್ಬಳ ಪರಿಚಾರಿಕೆ. ಆ ಬಣ್ಣದ ಪೆಟ್ಟಿಗೆಗಳ ನಡುವೆಯೂ ಸಿಕ್ಕಿದ ಪುಸ್ತಕಗಳನ್ನು ಓದಿದಳು.

1917ರಲ್ಲಿ ಬಾಲ್ಟಿಮೋರ್ ನಗರಕ್ಕೆ ಬಂದಾಗ ಆಕೆಗೆ ಇಪ್ಪತ್ತಾರು ವರ್ಷ. ಪ್ರೌಢಶಾಲೆ ಇನ್ನೂ ಮುಗಿದಿರಲಿಲ್ಲ. ಆ ಸಂಸ್ಥಾನದ ಕಾನೂನಿನಂತೆ ಉಚಿತ ಶಿಕ್ಷಣ ಇಪ್ಪತ್ತು ವರ್ಷದವರೆಗಿನವರಿಗೆ ಮಾತ್ರ. ಜೋರಾ ಯೋಚಿಸಿದಳು, ಬಳಿಕ ತಾನು ಹುಟ್ಟಿದ್ದು 1901ರಲ್ಲಿ, ತನಗೀಗ ಹದಿನಾರು ಎಂದು ಬರೆಸಿದಳು. ಒಂದು ಮಾತಿನಿಂದ ಹತ್ತು ವರ್ಷಗಳನ್ನು ಅಳಿಸಿಹಾಕಿ, ತನಗಿಂತ ಹತ್ತು ವರ್ಷ ಚಿಕ್ಕವರೊಡನೆ ಬೆಂಚಿನ ಮೇಲೆ ಕುಳಿತಳು. ಅದು ಸುಳ್ಳೇ ಹೌದು. ಆದರೆ ಇನ್ನೊಬ್ಬರ ಪಾಲನ್ನು ಕಸಿದ ಸುಳ್ಳಲ್ಲ, ತನ್ನಿಂದ ಕಸಿಯಲ್ಪಟ್ಟ ವರ್ಷಗಳನ್ನು ಮರಳಿ ಪಡೆಯಲು ಹೇಳಿದ ಸುಳ್ಳು. ಮರುವರ್ಷ ಮಾರ್ಗನ್ ಅಕಾಡೆಮಿಯಲ್ಲಿ ಪ್ರೌಢಶಿಕ್ಷಣ ಮುಗಿಯಿತು. ಅದೇ 1918ರಲ್ಲಿ ತಂದೆಯ ಕಾರಿಗೆ ರೈಲು ಬಡಿದು ಅವನು ಮಡಿದನು.

ಅಲ್ಲಿಂದ ವಾಷಿಂಗ್‌ಟನ್ನಿನ ಹೋವರ್ಡ್ ವಿಶ್ವವಿದ್ಯಾಲಯ. ಕ್ಷೌರದಂಗಡಿಯೊಂದರಲ್ಲಿ ಗಿರಾಕಿಗಳ ಕೈಯುಗುರುಗಳನ್ನು ಕತ್ತರಿಸಿ ಒಪ್ಪ ಮಾಡುವ ಕೆಲಸದಿಂದ ಬಂದ ಹಣವೇ ಓದಿಗೆ ಆಧಾರ. ಆಕೆಯ ಮೊದಲ ಕಥೆ 1921ರಲ್ಲಿ ಅಲ್ಲಿಯ ಸಾಹಿತ್ಯ ಸಂಘದ ಪತ್ರಿಕೆಯಲ್ಲಿ ಅಚ್ಚಾಯಿತು. ಹರ್ಬರ್ಟ್ ಶೀನ್ ಎಂಬ ಸಹಪಾಠಿಯ ಪರಿಚಯವಾದುದೂ ಅಲ್ಲಿಯೇ. ಅವನು ವೈದ್ಯನಾಗಬೇಕೆಂದಿದ್ದವನು. ಸ್ನೇಹ ಒಲವಾಯಿತು. ಆದರೆ ಇಬ್ಬರ ದಾರಿಗಳು ಬೇರೆಯಾಗಿದ್ದವು. ಅವನು ಓದಿಗಾಗಿ ಷಿಕಾಗೋ ನಗರದ ಕಡೆಗೂ, ಆಕೆ ಬರವಣಿಗೆಗಾಗಿ ನ್ಯೂಯಾರ್ಕಿನ ಕಡೆಗೂ ಹೊರಳಿದರು.

1925ರ ಜನವರಿಯಲ್ಲಿ ನ್ಯೂಯಾರ್ಕಿಗೆ ಬಂದಿಳಿದಾಗ ಆಕೆಯ ಬಳಿ ಇದ್ದದ್ದು ಒಂದೂವರೆ ಡಾಲರ್. ಆ ವೇಳೆಗೆ ಆ ನಗರದ ಹಾರ್ಲೆಮ್ ಬಡಾವಣೆಯಲ್ಲಿ ಕಪ್ಪು ಜನರ ಕಾವ್ಯ, ಸಂಗೀತ, ಚಿತ್ರಕಲೆಗಳು ಹೊಸ ಚಿಗುರೊಡೆದಿದ್ದವು. ಅದೇ ಮೇ ತಿಂಗಳಲ್ಲಿ ‘ಆಪರ್ಚುನಿಟಿ’ ಪತ್ರಿಕೆಯ ಸ್ಪರ್ಧೆಯಲ್ಲಿ ಆಕೆಯ ಕಥೆಗೂ ನಾಟಕಕ್ಕೂ ಬಹುಮಾನ ಬಂದವು. ಬಹುಮಾನ ಸಮಾರಂಭದಲ್ಲಿ ಆದ ಪರಿಚಯಗಳಿಂದ ಬಾರ್ನಾರ್ಡ್ ಕಾಲೇಜಿನ ಬಾಗಿಲು ತೆರೆಯಿತು. ಅಲ್ಲಿಯ ವಿದ್ಯಾರ್ಥಿನಿಯರಲ್ಲಿ ಆಗ ಕಪ್ಪು ಹೆಣ್ಣುಮಗಳು ಆಕೆಯೊಬ್ಬಳೇ. ಅಲ್ಲಿ ಮಾನವಶಾಸ್ತ್ರದ ಮಹಾ ವಿದ್ವಾಂಸರಾದ ಫ್ರಾಂಜ್ ಬೋವಾಸ್ ಅವರು ಗುರುಗಳಾಗಿ ದೊರೆತರು. ತಲೆಯ ಆಕಾರದಿಂದ ಜನಾಂಗಗಳ ಮೇಲುಕೀಳನ್ನು ಅಳೆಯಹೊರಟವರ ವಾದವನ್ನು ಬೋವಾಸ್ ಖಂಡಿಸುತ್ತಿದ್ದರು. ಅದಕ್ಕಾಗಿ ಜೋರಾ ಅಳತೆಯ ಉಪಕರಣವನ್ನು ಹಿಡಿದು ಹಾರ್ಲೆಮಿನ ಬೀದಿಯಲ್ಲಿ ನಿಂತು, ದಾರಿಹೋಕರ ತಲೆಗಳನ್ನು ಅಳೆದಳು. ಬೇರೆ ಯಾರಾದರೂ ಹಾಗೆ ಮಾಡಿದ್ದರೆ ಬೈಗುಳ ತಿನ್ನಬೇಕಾಗಿತ್ತು. ಆಕೆಗೆ ಮಾತ್ರ ಜನ ನಗುತ್ತ ತಲೆಯೊಡ್ಡಿದರು.

ಜಗಲಿಯ ಮೇಲೆ ಕೇಳಿದ ಕಥೆಗಳೇ ವಿದ್ಯೆಯೆಂದು ಆಕೆಗೆ ತಿಳಿದದ್ದು ಬೋವಾಸರ ಶಿಷ್ಯೆಯಾದ ಮೇಲೆ. ಜನಪದ ಕಥೆಗಳನ್ನು ಸಂಗ್ರಹಿಸಲು 1927ರಲ್ಲಿ ಆಕೆ ಫ್ಲಾರಿಡಾಕ್ಕೆ ಹೊರಟಳು. ಆ ಮೇ ತಿಂಗಳಲ್ಲಿ ಶೀನ್ ಅಲ್ಲಿಗೆ ಬಂದನು, ಇಬ್ಬರೂ ಮದುವೆಯಾದರು. ಆದರೆ ಕೆಲವೇ ದಿನಗಳಲ್ಲಿ ಅವನು ವೈದ್ಯಶಾಲೆಗೆ ಮರಳಿದನು, ಆಕೆ ತನ್ನ ಕಥೆಗಳ ಬೆನ್ನು ಹತ್ತಿದಳು. ಗಂಡನ ಓದು ಮುಗಿಯುವವರೆಗೆ ಮನೆಯಲ್ಲಿ ಕಾದು ಕುಳಿತುಕೊಳ್ಳುವುದು ಆಕೆಯಿಂದಾಗಲಿಲ್ಲ. ತನ್ನ ಓದನ್ನು ಬಿಟ್ಟು ಹೆಂಡತಿಯ ಹಿಂದೆ ಅಲೆಯುವುದು ಅವನಿಂದಲೂ ಆಗಲಿಲ್ಲ. ತಪ್ಪು ಯಾರದೆಂದು ಹೇಳುವುದು ಕಷ್ಟ. 1931ರಲ್ಲಿ ವಿಚ್ಛೇದನವಾಯಿತು. ಆದರೂ ಇಬ್ಬರಲ್ಲಿ ವೈರವಿರಲಿಲ್ಲ. ಇಳಿವಯಸ್ಸಿನಲ್ಲಿಯೂ ಪರಸ್ಪರ ಕಾಗದ ಬರೆದುಕೊಳ್ಳುತ್ತಿದ್ದರು.

ಕಥೆಗಳ ಸಂಗ್ರಹವೂ ಸುಲಭವಾಗಿರಲಿಲ್ಲ. ಕಾಲೇಜಿನ ನಯವಾದ ಮಾತಿನಲ್ಲಿ ಕೇಳಿದಾಗ ಜನ ತಮಗೇನೂ ಗೊತ್ತಿಲ್ಲವೆಂದುಬಿಟ್ಟರು. ಮರದ ಕಾರ್ಖಾನೆಯ ಕೂಲಿಗಳ ನಡುವೆ ಆಕೆ ಹನ್ನೆರಡು ಡಾಲರ್ ಎಪ್ಪತ್ತನಾಲ್ಕು ಸೆಂಟಿನ ಉಡುಪು ತೊಟ್ಟು, ಹೊಳೆಯುವ ಕಾರಿನಲ್ಲಿ ಹೋಗಿ ಇಳಿದಾಗ, ಸರಕಾರದ ಪತ್ತೇದಾರಳಿರಬೇಕೆಂದು ಅವರು ದೂರವಾದರು. ಅಲ್ಲಿಯ ಹೆಂಗಸರ ಉಡುಪಿನ ಬೆಲೆ ಎರಡು ಡಾಲರಿಗಿಂತ ಕಡಿಮೆ! ಕಳ್ಳಭಟ್ಟಿ ಮಾರಿ ತಲೆತಪ್ಪಿಸಿಕೊಂಡು ಬಂದವಳೆಂದು ಕಥೆ ಕಟ್ಟಿದ ಮೇಲೆಯೇ ಅವರು ಆಕೆಯನ್ನು ನಂಬಿದ್ದು. ಒಮ್ಮೆ ಹೊಟ್ಟೆಕಿಚ್ಚಿನಿಂದ ಹೆಂಗಸೊಬ್ಬಳು ಚಾಕು ಹಿಡಿದು ಬಂದಾಗ ಗೆಳತಿಯೊಬ್ಬಳ ಸಹಾಯದಿಂದ ಜೀವ ಉಳಿಯಿತು. ಈ ಸಂಗ್ರಹವೇ 1935ರಲ್ಲಿ ‘ಮ್ಯೂಲ್ಸ್ ಅಂಡ್ ಮೆನ್’ ಎಂಬ ಗ್ರಂಥವಾಯಿತು.

ಇದಕ್ಕೆಲ್ಲ ಹಣವೆಲ್ಲಿಂದ? ನ್ಯೂಯಾರ್ಕಿನ ಸಿರಿವಂತೆ ಷಾರ್ಲಟ್ ಆಸ್‌ಗುಡ್ ಮೇಸನ್ ತಿಂಗಳಿಗೆ ಇನ್ನೂರು ಡಾಲರ್ ಕೊಡಲು ಒಪ್ಪಿದ್ದಳು. ಆದರೆ ಕರಾರೊಂದಿತ್ತು: ಸಂಗ್ರಹಿಸಿದುದೆಲ್ಲ ಮೇಸನ್ನಳ ಸ್ವತ್ತು, ಆಕೆಯ ಅಪ್ಪಣೆಯಿಲ್ಲದೆ ಏನನ್ನೂ ಅಚ್ಚು ಹಾಕಿಸುವಂತಿಲ್ಲ. ತನ್ನೂರಿನ ಕಥೆಗಳನ್ನೇ ಇನ್ನೊಬ್ಬರ ಅನುಮತಿ ಬೇಡಿ ಹೇಳಬೇಕಾದ ಕಷ್ಟ ಅದು. ಆ ಬಂಧನ ಕಳಚಿದ ಬಳಿಕ ಜೋರಾ ಸ್ಯಾನ್‌ಫರ್ಡ್ ಪಟ್ಟಣದಲ್ಲಿ ವಾರಕ್ಕೆ ಒಂದೂವರೆ ಡಾಲರ್ ಬಾಡಿಗೆಯ ಪುಟ್ಟ ಮನೆ ಹಿಡಿದು, ಮೊದಲ ಕಾದಂಬರಿಯನ್ನು ಬರೆದಳು. ಹಸ್ತಪ್ರತಿಯನ್ನು ಅಂಚೆಗೆ ಹಾಕಲೂ ಸಾಲವೆತ್ತಬೇಕಾಯಿತು. 1933ರ ಅಕ್ಟೋಬರ್ 16ರಂದು ಬೆಳಿಗ್ಗೆ ಹದಿನೆಂಟು ಡಾಲರ್ ಬಾಕಿಗಾಗಿ ಮನೆಯೊಡತಿ ಆಕೆಯನ್ನು ಹೊರಹಾಕಿದಳು. ಅದೇ ದಿನ ಬಂದ ತಂತಿಯಲ್ಲಿ ಪ್ರಕಾಶಕರು ಕಾದಂಬರಿಯನ್ನು ಒಪ್ಪಿ, ಇನ್ನೂರು ಡಾಲರ್ ಮುಂಗಡ ಕೊಡುವುದಾಗಿ ತಿಳಿಸಿದ್ದರು! ಮರುವರ್ಷ ಹೊರಬಂದ ಆ ಕಾದಂಬರಿಯ ನಾಯಕ ಒಬ್ಬ ಬೋಧಕ. ಒಳ್ಳೆಯ ಮಾತುಗಾರ, ದುರ್ಬಲ ಮನಸ್ಸಿನವನು. ಕೊನೆಗೆ ಅವನು ಸಾಯುವುದು ಕಾರಿಗೆ ರೈಲು ಬಡಿದು. ಬಾಳಿನಲ್ಲಿ ಕ್ಷಮಿಸಲಾಗದ ತಂದೆಯನ್ನು ಆಕೆ ಕಥೆಯಲ್ಲಿ ಅರ್ಥಮಾಡಿಕೊಂಡಳು.

ಆ ವೇಳೆಗೆ ಪರ್ಸಿವಲ್ ಪಂಟರ್ ಎಂಬ ತರುಣ ಆಕೆಯ ಬಾಳಿನಲ್ಲಿ ಬಂದಿದ್ದನು. ಕೊಲಂಬಿಯ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಅವನಿಗೆ ಇಪ್ಪತ್ತಮೂರು, ಆಕೆಗೆ ನಲವತ್ತನಾಲ್ಕು. ಆಕೆ ಯಾರನ್ನೂ ಇಷ್ಟು ಆಳವಾಗಿ ಪ್ರೀತಿಸಿರಲಿಲ್ಲ. ಅವನು ಬಡವ, ಆದರೆ ಮಹಾ ಸ್ವಾಭಿಮಾನಿ. ಒಂದು ಸಂಜೆ ಇದ್ದ ಹಣವನ್ನೆಲ್ಲ ಖರ್ಚು ಮಾಡಿದ ಅವನಿಗೆ ಆಕೆ ಕಾಲು ಡಾಲರ್ ಸಾಲ ಕೊಡಹೋದಾಗ, ಗಂಡಸುತನಕ್ಕೇ ಕುಂದಾಯಿತೆಂದು ಅವನು ಕೆರಳಿದನು. ಕೊನೆಗೆ ಅವನು ಕೇಳಿದ್ದು ಒಂದೇ: ಬರವಣಿಗೆಯನ್ನು ಬಿಟ್ಟು, ನ್ಯೂಯಾರ್ಕನ್ನು ಬಿಟ್ಟು, ತನ್ನನ್ನು ಮದುವೆಯಾಗಿ ಗೃಹಿಣಿಯಾಗಿರಬೇಕು. ಬೇರೆ ಏನನ್ನು ಕೇಳಿದ್ದರೂ ಆಕೆ ಕೊಡುತ್ತಿದ್ದಳು. ಇದೊಂದನ್ನು ಕೊಡಲಾಗಲಿಲ್ಲ. ಹಾಗೆಂದು ಅವನನ್ನು ಮರೆಯಲೂ ಆಗಲಿಲ್ಲ. 1936ರಲ್ಲಿ ಗುಗನ್‌ಹೈಮ್ ಸಂಸ್ಥೆಯ ಸಂಶೋಧನ ವೇತನ ದೊರೆತಾಗ ಆಕೆ ಜಮೈಕಾಕ್ಕೂ, ಅಲ್ಲಿಂದ ಹೈಟಿ ದ್ವೀಪಕ್ಕೂ ಹೊರಟುಹೋದಳು.

ಸಮುದ್ರ ದಾಟಿದ ಮಾತ್ರಕ್ಕೆ ಮನಸ್ಸು ಶಾಂತವಾದೀತೆ? ಒಳಗೆ ಒತ್ತಿಹಿಡಿದದ್ದು ಹೈಟಿಯಲ್ಲಿ ಕಾದಂಬರಿಯಾಗಿ ಹರಿಯಿತು. ಹಗಲು ಸಂಶೋಧನೆ, ಬಿಡುವಿನಲ್ಲಿ ಬರವಣಿಗೆ. ಏಳೇ ವಾರಗಳಲ್ಲಿ ಕೃತಿ ಮುಗಿಯಿತು. 1937ರಲ್ಲಿ ಪ್ರಕಟವಾದ ಆ ಕಾದಂಬರಿಯ ಹೆಸರು ‘ದೇರ್ ಐಸ್ ವರ್ ವಾಚಿಂಗ್ ಗಾಡ್’. ಅದರ ನಾಯಕಿ ಜೇನಿ ಅಜ್ಜಿಯ ಆಸರೆಯಲ್ಲಿ ಬೆಳೆದ ಹುಡುಗಿ. ಗುಲಾಮಳಾಗಿ ಹುಟ್ಟಿದ ಆ ಅಜ್ಜಿಗೆ ಮೊಮ್ಮಗಳು ಯಾರ ಕೈಗೂ ಸಿಕ್ಕಿ ಹಾಳಾಗಬಾರದೆಂಬ ಒಂದೇ ಚಿಂತೆ. ಅರುವತ್ತು ಎಕರೆ ಭೂಮಿಯುಳ್ಳ, ವಯಸ್ಸಾದ ರೈತನಿಗೆ ಅವಳನ್ನು ಕೊಟ್ಟು ನೆಮ್ಮದಿಯಿಂದ ಕಣ್ಣು ಮುಚ್ಚುತ್ತಾಳೆ. ಅಜ್ಜಿಗೆ ಭದ್ರತೆಯಾಗಿ ಕಂಡದ್ದು ಜೇನಿಗೆ ಸೆರೆಯಾಗುತ್ತದೆ. ಎರಡನೆಯ ಗಂಡ ಜೋ ಸ್ಟಾರ್ಕ್ಸ್ ಈಟನ್‌ವಿಲ್‌ನ ಮೇಯರ್, ಅಂಗಡಿಯ ಒಡೆಯ. ಅವನು ಹೆಂಡತಿಯನ್ನು ಗಲ್ಲೆಯ ಹಿಂದೆ ಕೂರಿಸುತ್ತಾನೆ. ಅವಳ ಚೆಲುವಾದ ಕೂದಲಿಗೆ ಬಟ್ಟೆ ಕಟ್ಟಿಸುತ್ತಾನೆ. ಜಗಲಿಯ ಮಾತುಕತೆಯಲ್ಲಿ ಸೇರಲು ಅವಳನ್ನು ಬಿಡುವುದೇ ಇಲ್ಲ. ಬಾಲ್ಯದಲ್ಲಿ ಜೋರಾ ಕಾಲೆಳೆಯುತ್ತ ನಿಂತಿದ್ದ ಜಗಲಿಯೇ ಅದು. ಅವನು ತೀರಿದ ಮೇಲೆ ಟೀಕೇಕ್ ಎಂಬ ಬಡ ತರುಣ ಬರುತ್ತಾನೆ. ವಯಸ್ಸಿನಲ್ಲಿ ಅವಳಿಗಿಂತ ಎಷ್ಟೋ ಚಿಕ್ಕವನಾದ ಅವನು ಅವಳನ್ನು ಎದುರಿಗೆ ಕೂರಿಸಿಕೊಂಡು ಆಟದ ಹಲಗೆ ಹಾಸುತ್ತಾನೆ. ತನ್ನನ್ನೂ ಒಬ್ಬ ಎದುರಾಳಿಯೆಂದು ಎಣಿಸಿದ ಮೊದಲ ಗಂಡಸು ಅವನೆಂದು ಜೇನಿ ಹಿಗ್ಗುತ್ತಾಳೆ. ಕೊನೆಗೆ ಬರುವುದು 1928ರ ಚಂಡಮಾರುತ. ಓಕಿಚೋಬಿ ಸರೋವರ ಕಟ್ಟೆಯೊಡೆದು ಎರಡು ಸಾವಿರದ ಐನೂರಕ್ಕೂ ಹೆಚ್ಚು ಜನರನ್ನು ನುಂಗಿದ ನಿಜವಾದ ದುರಂತವದು. ಆ ಪ್ರವಾಹದಲ್ಲಿ ಜೇನಿಯನ್ನು ಉಳಿಸಹೋದ ಟೀಕೇಕ್‌ನನ್ನು ಹುಚ್ಚುನಾಯಿ ಕಚ್ಚುತ್ತದೆ. ಮುಂದಿನದನ್ನು ಓದಿಯೇ ತಿಳಿಯಬೇಕು. ಜೋರಾ ಆ ವರ್ಷದ ಬಿರುಗಾಳಿಯನ್ನು ಕಾಣಲಿಲ್ಲ. ಆದರೆ ಮರುವರ್ಷ ಬಹಾಮಾ ದ್ವೀಪಗಳಲ್ಲಿ ಅಂಥದೇ ಒಂದಕ್ಕೆ ಸಿಕ್ಕಿ ಬದುಕಿ ಬಂದವಳು.

ಇಂದು ಈ ಕಾದಂಬರಿಯನ್ನು ಅಮೆರಿಕದ ಶಾಲೆ ಕಾಲೇಜುಗಳಲ್ಲಿ ಓದಿಸುತ್ತಾರೆ. ಅಂದು ಆದ ಸ್ವಾಗತ ಬೇರೆ. ಕಪ್ಪು ಜನರ ಕಷ್ಟವನ್ನು ಬಿಟ್ಟು ಅವರ ಹಾಡು ನಗೆಗಳನ್ನು ಬರೆದು ಬಿಳಿಯರನ್ನು ರಂಜಿಸಿದ್ದಾಳೆಂದು ತರುಣ ಲೇಖಕ ರಿಚರ್ಡ್ ರೈಟ್ ಕಟುವಾಗಿ ಟೀಕಿಸಿದನು. ರೈಟ್‌ನ ಕೋಪಕ್ಕೆ ಕಾರಣವಿಲ್ಲದಿರಲಿಲ್ಲ. ಅದು ಕಪ್ಪು ಜನರನ್ನು ಗುಂಪು ಸೇರಿ ಕೊಲ್ಲುತ್ತಿದ್ದ ಕಾಲ. ಆದರೆ ಜೇನಿಯ ಸೆರೆ ಅವನ ಕಣ್ಣಿಗೆ ಬೀಳಲಿಲ್ಲ. ತನ್ನ ಜನರು ಸದಾ ಅಳುವವರಲ್ಲ, ಅವರಿಗೂ ತಮ್ಮದೇ ಆದ ತುಂಬು ಬಾಳಿದೆ ಎಂಬುದು ಜೋರಾಳ ನಿಲುವಾಗಿತ್ತು. ಆ ನಿಲುವಿನಲ್ಲಿ ಹಟವೂ ಇತ್ತು. ಕಪ್ಪು ಬಿಳಿ ಮಕ್ಕಳನ್ನು ಬೇರೆ ಬೇರೆ ಶಾಲೆಗಳಲ್ಲಿ ಕೂರಿಸುವುದು ತಪ್ಪೆಂದು 1954ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಾಗ, ಬಿಳಿಯರ ಪಕ್ಕದಲ್ಲಿ ಕುಳಿತರೆ ಮಾತ್ರ ವಿದ್ಯೆ ಬರುವುದೆಂಬುದು ತನ್ನ ಜನಕ್ಕೆ ಅವಮಾನವೆಂದು ಪತ್ರಿಕೆಗೆ ಬರೆದಳು. ಅನೇಕ ಮಿತ್ರರು ಇದರಿಂದ ನೊಂದರು.

1939ರಲ್ಲಿ ಮಾಡಿಕೊಂಡ ಇನ್ನೊಂದು ಮದುವೆಯೂ ಬಾಳಲಿಲ್ಲ. 1942ರಲ್ಲಿ ಆತ್ಮಕಥೆ ಬಂದಿತು. ಅನಂತರ ಕಷ್ಟದ ದಿನಗಳು. ಆಕೆಯ ಯಾವ ಪುಸ್ತಕದಿಂದಲೂ ಒಂದು ಸಾವಿರ ಡಾಲರ್ ಗೌರವಧನ ಬರಲಿಲ್ಲ. 1950ರಲ್ಲಿ ಮಯಾಮಿ ನಗರದ ಮನೆಯೊಂದರಲ್ಲಿ ಕೆಲಸದವಳಾಗಿದ್ದಾಗ, ಆ ಮನೆಯ ಯಜಮಾನಿ ಪ್ರಸಿದ್ಧ ವಾರಪತ್ರಿಕೆಯೊಂದನ್ನು ತಿರುವುತ್ತ ತನ್ನ ಕೆಲಸದವಳದೇ ಕಥೆಯನ್ನು ಅದರಲ್ಲಿ ಕಂಡು ಬೆರಗಾದಳು. ಆಗಲೂ ಜೋರಾಳ ಬರವಣಿಗೆ ನಿಲ್ಲಲಿಲ್ಲ. ಹೆರೋದ್ ಮಹಾರಾಜನನ್ನು ಕುರಿತ ಐತಿಹಾಸಿಕ ಕಾದಂಬರಿಯೊಂದನ್ನು ವರ್ಷಗಟ್ಟಲೆ ತಿದ್ದಿ ತಿದ್ದಿ ಬರೆದಳು, ಪ್ರಕಾಶಕರು ಒಪ್ಪಲಿಲ್ಲ. ಪಾರ್ಶ್ವವಾಯು ಬಡಿದು, ಫೋರ್ಟ್ ಪಿಯರ್ಸ್ ಎಂಬ ಊರಿನ ಬಡವರ ಆರೈಕೆಯ ಮನೆಯನ್ನು ಸೇರಿ, 1960ರ ಜನವರಿ 28ರಂದು ತೀರಿಕೊಂಡಳು. ಪರಿಚಿತರು ಚಂದಾ ಎತ್ತಿ ಶವಸಂಸ್ಕಾರ ಮಾಡಿದರು. ಸಮಾಧಿಯ ಮೇಲೆ ಕಲ್ಲು ಹಾಕಿಸುವಷ್ಟು ಹಣ ಉಳಿಯಲಿಲ್ಲ.

ಆಕೆಯ ಸಾಮಾನುಗಳನ್ನು ಅಂಗಳದಲ್ಲಿ ರಾಶಿಹಾಕಿ ಬೆಂಕಿಯಿಟ್ಟರು. ಆ ದಾರಿಯಾಗಿ ಬಂದ ಪ್ಯಾಟ್ರಿಕ್ ಡುವಾಲ್ ಎಂಬ ಪೊಲೀಸ್ ಅಧಿಕಾರಿಗೆ ಜೋರಾಳ ಪರಿಚಯವಿತ್ತು. ಅವನು ಕೂಡಲೇ ತೋಟದ ಕೊಳವೆಯಿಂದ ನೀರು ಹಾಯಿಸಿ ಕಾಗದಗಳನ್ನು ಉಳಿಸಿದನು. ಅಂಚು ಸುಟ್ಟ ಆ ಹಾಳೆಗಳಲ್ಲಿದ್ದ ಹೆರೋದನ ಕಥೆ 2025ರಲ್ಲಿ ಪುಸ್ತಕವಾಯಿತು.

ಹದಿಮೂರು ವರ್ಷಗಳ ಮೇಲೆ, 1973ರಲ್ಲಿ, ಆಲಿಸ್ ವಾಕರ್ ಎಂಬ ತರುಣ ಲೇಖಕಿ ಸಮಾಧಿಯನ್ನು ಹುಡುಕಿಕೊಂಡು ಫೋರ್ಟ್ ಪಿಯರ್ಸ್‌ಗೆ ಬಂದರು. ಕೇಳಿದವರಿಗೆಲ್ಲ ತಾನು ಜೋರಾಳ ಸೋದರನ ಮಗಳೆಂದು ಹೇಳಿಕೊಂಡರು. ಸೊಂಟದೆತ್ತರ ಬೆಳೆದ ಹುಲ್ಲಿನಲ್ಲಿ, ಹಾವಿನ ಹೆದರಿಕೆಯ ನಡುವೆ, ಜೋರಾಳ ಹೆಸರು ಹಿಡಿದು ಕೂಗುತ್ತ ನಡೆದರು. ನೆಲ ಒಂದಿಷ್ಟು ಕುಸಿದಿದ್ದ ಜಾಗವೇ ಸಮಾಧಿಯೆಂದು ಬಗೆದು, ತಮ್ಮ ಖರ್ಚಿನಲ್ಲಿ ಅಲ್ಲೊಂದು ಬೂದುಬಣ್ಣದ ಕಲ್ಲನ್ನು ಇಡಿಸಿದರು. ಕಲ್ಲಿನ ಮೇಲೆ ಹೆಸರಿದೆ. ಕಾದಂಬರಿಕಾರ್ತಿ, ಜನಪದ ಸಂಗ್ರಾಹಕಿ, ಮಾನವಶಾಸ್ತ್ರಜ್ಞೆ ಎಂಬ ಬಿರುದುಗಳಿವೆ. ಅದರ ಕೆಳಗೆ ಕೊರೆದಿರುವ ಹುಟ್ಟಿದ ವರ್ಷ 1901.